ಸಹಾಯಕ್ಕೆ ಹೊರಡುವ ಮೊದಲು ಒಂದು ಫೋನ್ ಮಾಡಿ

ಎರಡು ವರ್ಷದ ಹಿಂದೆ ಮಗಳ ಹುಟ್ಟುಹಬ್ಬಕ್ಕೆ ನಲವತ್ತು ಪೊಟ್ಟಣ ಪಲಾವ್ ಕಟ್ಟಿಸಿಕೊಂಡು ಮಂಗಳೂರಿನ ಹೊರಗಿನ ಒಂದು ವೃದ್ಧಾಶ್ರಮಕ್ಕೆ ಹೋಗಿದ್ದೆ. ಫೋನ್ ಮಾಡಿರಲಿಲ್ಲ. ಅಲ್ಲಿ ನೋಡಿಕೊಳ್ಳುವ ಅಕ್ಕ ಒಂದು ಪೊಟ್ಟಣ ಬಿಡಿಸಿ ನೋಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣ, ಇಲ್ಲಿ ಅರ್ಧ ಜನರಿಗೆ ಶುಗರ್, ಇನ್ನರ್ಧ ಜನರಿಗೆ ಹಲ್ಲಿಲ್ಲ. ಮಧ್ಯಾಹ್ನ ಬೇರೆಯವರು ಊಟ ಹಾಕಿಸಿ ಹೋಗಿದ್ದಾರೆ. ಇದನ್ನು ನಾನು ಎಂತ ಮಾಡ್ಲಿ?" ಅಂದರು. ಬೈದದ್ದಲ್ಲ, ನಿಜವಾಗಿ ಕೇಳಿದ್ದು. ಪಲಾವ್ ಕೊನೆಗೆ ಅಲ್ಲಿ ಕೆಲಸ ಮಾಡುವವರ ಮನೆಗಳಿಗೆ ಹೋಯಿತು. ಹಾಗಾದರೆ ಬೇಕಾದದ್ದು ಏನು ಅಂತ ಕೇಳಿದೆ. ಬೆರಳು ಮಡಚಿ ಹೇಳಿದರು: ದೊಡ್ಡವರ ಡೈಪರ್, ಫಿನಾಯಿಲ್, ಹಾಸಿಗೆ ಮೇಲೆ ಹಾಕುವ ರಬ್ಬರ್ ಶೀಟ್, ಕುಚ್ಚಲಕ್ಕಿ.

ಬೆಳ್ತಿಗೆ ಅಕ್ಕಿ ಅಲ್ಲ, ಕುಚ್ಚಲಕ್ಕಿ. ಎಪ್ಪತ್ತು ವರ್ಷ ಗಂಜಿ ಉಂಡವರಿಗೆ ಬೇರೆ ಅಕ್ಕಿ ಇಳಿಯುವುದಿಲ್ಲ, ಅಲ್ವಾ? ದಾನ ಕೊಡುವವರು ಮಾತ್ರ ಅಂಗಡಿಯಲ್ಲಿ ಚಂದ ಕಂಡ ಸೋನಾ ಮಸೂರಿ ಚೀಲ ತಂದು ಇಳಿಸುತ್ತಾರೆ.

ಹಂಪನಕಟ್ಟೆ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ ಉಂಟು. ಸರಕಾರಿ ವೆನ್ಲಾಕ್ ಆಸ್ಪತ್ರೆ ನಡೆದು ಹೋಗುವಷ್ಟು ದೂರ. ಹಾಗಾಗಿ ಕಷ್ಟದಲ್ಲಿರುವವರೂ ಅವರಿಗೆ ಸಹಾಯ ಮಾಡಲು ಓಡಾಡುವವರೂ ದಿನಾ ನನ್ನ ಕೌಂಟರಿಗೆ ಬರುತ್ತಾರೆ. ಇಷ್ಟು ವರ್ಷ ಅವರ ಕಾಗದ ನಕಲು ಮಾಡುತ್ತಾ, ಅವರ ಮಾತು ಕೇಳುತ್ತಾ, ನಾನೂ ತಪ್ಪು ಮಾಡುತ್ತಾ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಊರಿನಲ್ಲಿ ಕೊಡುವ ಮನಸ್ಸಿಗೆ ಬರ ಇಲ್ಲ ಮಾರಾಯ್ರೆ. ಯಾರು ಏನು ಮಾಡುತ್ತಿದ್ದಾರೆ, ಅವರಿಗೆ ಏನು ಸಾಲುತ್ತಿಲ್ಲ ಅಂತ ಕೇಳುವ ಅಭ್ಯಾಸ ಕಡಿಮೆ, ಅಷ್ಟೇ.

ಆಶ್ರಮಕ್ಕೆ ಕೊಡುವುದಾದರೆ

ಹೋಗುವ ಎರಡು ದಿನ ಮೊದಲು ಫೋನ್ ಮಾಡಿ. ಎಷ್ಟು ಜನ ಇದ್ದಾರೆ, ಯಾವ ದಿನ ಊಟಕ್ಕೆ ಯಾರೂ ಬರುವುದಿಲ್ಲ, ಸ್ಟೋರಿನಲ್ಲಿ ಏನು ಖಾಲಿಯಾಗಿದೆ ಅಂತ ಕೇಳಿ. ದೀಪಾವಳಿ, ಕ್ರಿಸ್‌ಮಸ್, ರಂಜಾನ್ ಹೊತ್ತಿಗೆ ಕೊಡುವವರ ಸಾಲು ಇರುತ್ತದೆ. ಜುಲೈ ತಿಂಗಳಲ್ಲಿ ಯಾರೂ ಆ ಕಡೆ ಹೋಗುವುದಿಲ್ಲ, ಅವರಿಗೆ ಅತಿ ಕಷ್ಟ ಇರುವುದೂ ಆಗಲೇ. ಮಳೆಗಾಲದಲ್ಲಿ ಬೆಡ್‌ಶೀಟ್ ಒಗೆದರೆ ಮೂರು ದಿನವಾದರೂ ಒಣಗುವುದಿಲ್ಲ. ಮಲಗಿದಲ್ಲೇ ಇರುವವರಿಗೆ ದಿನಕ್ಕೆ ಎರಡು ಬೇಕು. ಹಳೆಯದಾದರೂ ಪರವಾಗಿಲ್ಲ, ಮೆತ್ತಗಿನ ಕಾಟನ್ ಬೆಡ್‌ಶೀಟ್, ಬೈರಾಸು (ಟವೆಲ್), ಎದುರು ಬಟನ್ ಇರುವ ನೈಟಿ, ಇವನ್ನು ಜೂನ್‌ನಲ್ಲಿ ಕೊಟ್ಟು ನೋಡಿ. ಹರಿದ ಬಟ್ಟೆ, ಝಿಪ್ ಹೋದ ಪ್ಯಾಂಟ್ ಕೊಡಬೇಡಿ. ಅದನ್ನು ವಿಂಗಡಿಸಿ ಎಸೆಯುವುದೂ ಅವರಿಗೆ ಒಂದು ಕೆಲಸ.

ನಮ್ಮಲ್ಲಿ ಇಂಥ ಜಾಗಗಳು ಹೊಸತಲ್ಲ. ಜೆಪ್ಪುವಿನ ಸಂತ ಆಂತೋನಿ ಆಶ್ರಮ ಅಜ್ಜನ ಕಾಲದಿಂದ ನಡೆಯುತ್ತಾ ಬಂದಿದೆ. ದಿಕ್ಕಿಲ್ಲದೆ ಬೀದಿಯಲ್ಲಿ ಅಲೆಯುವವರನ್ನು ಕರೆದುಕೊಂಡು ಹೋಗಿ, ಚಿಕಿತ್ಸೆ ಕೊಡಿಸಿ, ಸಾಧ್ಯವಾದರೆ ಮನೆ ಹುಡುಕಿ ಕಳಿಸುವ ವೈಟ್ ಡವ್ಸ್ ಸಂಸ್ಥೆಯನ್ನು ಕೊರಿನ್ ರಸ್ಕಿನ್ಹಾ ಶುರು ಮಾಡಿದ್ದು ತೊಂಬತ್ತರ ದಶಕದಲ್ಲಿ. ಉಡುಪಿಯ ನಿಟ್ಟೂರಿನಲ್ಲಿ ಸರಕಾರದ್ದೇ ರಾಜ್ಯ ಮಹಿಳಾ ನಿಲಯ ಇದೆ. ಅಲ್ಲಿ ಬೆಳೆದ ಹೆಣ್ಣುಮಕ್ಕಳ ಮದುವೆಯನ್ನು ಜಿಲ್ಲಾಡಳಿತದವರೇ ನಿಂತು ಮಾಡಿಸುವ ಸುದ್ದಿ ಪೇಪರಿನಲ್ಲಿ ನೀವೂ ಓದಿರಬಹುದು. ಸರಕಾರಿ ನಿಲಯಗಳಿಗೆ ಸೀದಾ ನುಗ್ಗಲು ಆಗುವುದಿಲ್ಲ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕಚೇರಿಯಲ್ಲಿ ಮೊದಲು ಕೇಳಬೇಕು.

ಫೋನಿನಲ್ಲಿ ಈಗಲೇ ಸೇವ್ ಮಾಡಿಡಿ

ಪೊಲೀಸ್, ಬೆಂಕಿ, ಯಾವುದೇ ತುರ್ತು ಅಂದರೆ 112. ಆಂಬುಲೆನ್ಸ್ 108, ದುಡ್ಡಿಲ್ಲ. ಮಕ್ಕಳಿಗೆ 1098. ಹೆಂಗಸರಿಗೆ 181. ಹಿರಿಯರಿಗೆ 14567, ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ. ಮನಸ್ಸಿಗೆ ಸಂಬಂಧಪಟ್ಟದ್ದಕ್ಕೆ ಟೆಲಿ ಮಾನಸ್ 14416, ಇಡೀ ದಿನ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಉಚಿತ ಕಾನೂನು ನೆರವಿಗೆ 15100. ಇವುಗಳನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ ಬರೆದಿಟ್ಟರೆ ಇನ್ನೂ ಒಳ್ಳೆಯದು. ಬೇಕಾದ ಹೊತ್ತಿಗೆ ಮೊಬೈಲ್ ಎಲ್ಲಿಟ್ಟೆ ಅಂತ ಹುಡುಕುವವರು ನಾವು.

ದಾರಿ ಬದಿಯಲ್ಲಿ ಯಾರಾದರೂ ಬಿದ್ದಿದ್ದರೆ

ಮಂಗಳೂರು ಸೆಂಟ್ರಲ್ ಅಂದರೆ ರೈಲು ಕೊನೆಯಾಗುವ ಸ್ಟೇಷನ್. ಎಲ್ಲಿಂದಲೋ ಹತ್ತಿದವರು, ಇಳಿಯಲು ಬೇರೆ ಊರಿಲ್ಲದೆ ಇಲ್ಲಿ ಇಳಿಯುತ್ತಾರೆ. ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ, ಫ್ಲೈಓವರ್ ಅಡಿಯಲ್ಲಿ ಗಂಟುಮೂಟೆ ಇಟ್ಟುಕೊಂಡು ಕೂತಿರುತ್ತಾರೆ. ಕುಡಿದಿದ್ದಾನೆ ಅಂತ ದಾಟಿ ಹೋಗುತ್ತೇವೆ. ಕೆಲವರು ಕುಡಿದಿರುತ್ತಾರೆ ಕೂಡ. ಆದರೆ ಶುಗರ್ ಇಳಿದವನೂ ಹಾಗೇ ತೊದಲುತ್ತಾನೆ, ಫಿಟ್ಸ್ ಬಂದು ಎದ್ದವನೂ ಹಾಗೇ ತೂರಾಡುತ್ತಾನೆ.

ನಾಲ್ಕು ಹೆಜ್ಜೆ ದೂರ ನಿಂತು ಮೊದಲು ಮಾತಾಡಿಸಿ. ಕನ್ನಡಕ್ಕೆ ಉತ್ತರ ಬಾರದಿದ್ದರೆ ತುಳು, ಹಿಂದಿ, ಮಲಯಾಳ, ತಮಿಳು, ನಿಮಗೆ ಗೊತ್ತಿರುವ ಎರಡು ಶಬ್ದವಾದರೂ ಸಾಕು. ಉಸಿರಾಟ ಸರಿ ಇಲ್ಲ, ಗಾಯ ಇದೆ, ಎಬ್ಬಿಸಿದರೆ ಏಳುವುದಿಲ್ಲ ಅಂದರೆ 108ಕ್ಕೆ ಮಾಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಮನಸ್ಸಿನ ಕಾಯಿಲೆ ಇರುವ ಹಾಗೆ ಕಂಡರೆ 112. ಇಲ್ಲಿ ಒಂದು ವಿಷಯ ಗೊತ್ತಿರಲಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ನೂರನೇ ಸೆಕ್ಷನ್ ಪ್ರಕಾರ, ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುವ ರೋಗಿಯನ್ನು ರಕ್ಷಣೆಗೆ ತೆಗೆದುಕೊಂಡ ಪೊಲೀಸರು 24 ಗಂಟೆಯೊಳಗೆ ಸರಕಾರಿ ಆಸ್ಪತ್ರೆಗೆ ತೋರಿಸಬೇಕು. ಲಾಕಪ್ಪಿನಲ್ಲಿ ಇಡುವ ಹಾಗಿಲ್ಲ. ಇದನ್ನು ಜಗಳಕ್ಕೆ ಅಂತ ಬಳಸಬೇಡಿ, "ಸರ್, ವೆನ್ಲಾಕ್‌ಗೆ ಕರೆದುಕೊಂಡು ಹೋಗೋಣ, ನಾನೂ ಬರ್ತೇನೆ" ಅನ್ನಿ. ಜೊತೆಗೆ ಒಬ್ಬ ಊರಿನವ ಬರುತ್ತಾನೆ ಅಂದರೆ ಕೆಲಸ ಬೇಗ ಆಗುತ್ತದೆ, ನಾನೇ ನೋಡಿದ್ದೇನೆ. ಉಡುಪಿಯವರಾದರೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆ.

ವಿಡಿಯೋ ಮಾಡಿ ವಾಟ್ಸಾಪ್ ಸ್ಟೇಟಸ್‌ಗೆ ಹಾಕುವುದು ಬೇಡ. ಗುರುತು ಹಿಡಿಯಲು ಒಂದು ಫೋಟೋ ಬೇಕಾಗುತ್ತದೆ, ಅದು ಪೊಲೀಸರಿಗೆ ಮತ್ತು ಸಂಸ್ಥೆಯವರಿಗೆ ಮಾತ್ರ ಹೋಗಲಿ.

ಹಾಲ್‌ನಲ್ಲಿ ಉಳಿದ ಊಟ

ಮದುವೆ ಸೀಸನ್ನಿನಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಇದು: ಇನ್ನೂರು ಜನರ ಊಟ ಉಳಿದಿದೆ, ಎಲ್ಲಿ ಕೊಡೋಣ? ಮೂರು ಗಂಟೆಗೆ ಈ ಪ್ರಶ್ನೆ ಕೇಳಿದರೆ ತಡವಾಯಿತು. ನಮ್ಮ ಅಡುಗೆ ಪೂರ್ತಿ ತೆಂಗಿನಕಾಯಿ ಮೇಲೆ ನಿಂತದ್ದು, ನಮ್ಮ ಸೆಕೆ ನಿಮಗೆ ಗೊತ್ತೇ ಇದೆ. ಹನ್ನೊಂದಕ್ಕೆ ಇಳಿಸಿದ ಗಸಿ ಸಂಜೆ ಐದಕ್ಕೆ ಹುಳಿ ವಾಸನೆ ಹೊಡೆಯುತ್ತದೆ. ಹಾಗಾಗಿ ಹಾಲ್ ಬುಕ್ ಮಾಡುವಾಗಲೇ ಹತ್ತಿರದ ಒಂದು ಆಶ್ರಮಕ್ಕೋ ಹಾಸ್ಟೆಲಿಗೋ ಫೋನ್ ಮಾಡಿ, "ಉಳಿದರೆ ಮಧ್ಯಾಹ್ನ ಎರಡು ಗಂಟೆಯ ಮೊದಲು ಹೇಳ್ತೇನೆ, ರಾತ್ರಿಗೆ ಅಡುಗೆ ಇಡಬೇಡಿ" ಅಂತ ಮಾತಾಡಿಕೊಳ್ಳಿ. ಗಾಡಿ ನೀವೇ ಮಾಡಿಸಿ. ಬಡಿಸಲು ಹೊರಗೆ ತಂದ ಬಕೆಟ್ಟಿನದ್ದು ಬೇಡ, ಅಡುಗೆ ಕೋಣೆಯಲ್ಲೇ ಮುಚ್ಚಿಟ್ಟ ಪಾತ್ರೆಯದ್ದು ಮಾತ್ರ. ಅನ್ನ, ತೊವ್ವೆ, ಹೋಳಿಗೆ, ಕಾಯಿ ಹಾಕದ ಪಲ್ಯ ಇದ್ದರೆ ಒಳ್ಳೆಯದು. ಮೊಸರು ಹಾಕಿದ್ದು, ಕಾಯಿ ಅರೆದು ಹಾಕಿದ್ದು, ಮೀನು, ಇವನ್ನು ಬಿಟ್ಟುಬಿಡಿ. ಅಡುಗೆ ಭಟ್ರ ಹತ್ತಿರ "ಇದು ರಾತ್ರಿವರೆಗೆ ನಿಲ್ಲುತ್ತದಾ?" ಅಂತ ಒಮ್ಮೆ ಕೇಳಿ, ಅವರು ಸುಳ್ಳು ಹೇಳುವುದಿಲ್ಲ. ನೀವು ಮನೆಯಲ್ಲಿ ಮಕ್ಕಳಿಗೆ ಬಡಿಸಲು ಹಿಂದೆಮುಂದೆ ನೋಡುವಂಥದ್ದನ್ನು ಬೇರೆಯವರ ತಟ್ಟೆಗೆ ಹಾಕುವುದು ಯಾವ ಪುಣ್ಯ?

ಆಸ್ಪತ್ರೆಯ ಹೊರಗೆ ಕೂತವರು

ವೆನ್ಲಾಕ್ 1848ರಿಂದ ಇರುವ ಆಸ್ಪತ್ರೆ. ನಮ್ಮ ಜಿಲ್ಲೆಯವರು ಮಾತ್ರ ಅಲ್ಲ, ಕೊಡಗು, ಚಿಕ್ಕಮಗಳೂರು, ಹಾಸನ, ಉತ್ತರ ಕನ್ನಡ, ಕಾಸರಗೋಡಿನಿಂದಲೂ ಬರುತ್ತಾರೆ. ರೋಗಿಗೆ ಒಳಗೆ ಊಟ ಸಿಗುತ್ತದೆ. ಜೊತೆಗೆ ಬಂದವರು ಮೆಟ್ಟಿಲ ಮೇಲೆ ಟವೆಲ್ ಹಾಸಿ ಮಲಗುತ್ತಾರೆ, ಒಂದು ಹೊತ್ತು ಟೀ ಬನ್ನಿನಲ್ಲಿ ಕಳೆಯುತ್ತದೆ. ಇವರಿಗಾಗಿ ಎಂ ಫ್ರೆಂಡ್ಸ್ ಟ್ರಸ್ಟ್ 'ಕಾರುಣ್ಯ' ಅನ್ನುವ ಹೆಸರಿನಲ್ಲಿ ಊಟ ಕೊಡುತ್ತಾ ಬಂದಿದೆ. ಹೊಸದಾಗಿ ನೀವೇ ಒಂದು ಶುರು ಮಾಡುವ ಬದಲು ಒಂದು ದಿನದ ಖರ್ಚು ಅಲ್ಲಿ ಕೊಡುವುದು ಸುಲಭ. ಇಂದಿರಾ ಕ್ಯಾಂಟೀನ್ ಇರುವುದು, ಅಲ್ಲಿ ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಸಿಗುವುದು ಹೊರಗಿನಿಂದ ಬಂದವರಿಗೆ ಗೊತ್ತೇ ಇರುವುದಿಲ್ಲ. ದಾರಿ ತೋರಿಸುವುದಕ್ಕೆ ಖರ್ಚಿಲ್ಲ.

ಇನ್ನೊಂದು ಮಾತು. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಆದರೆ ತುರ್ತು ಅಲ್ಲದ ಹೆಚ್ಚಿನ ಚಿಕಿತ್ಸೆಗೆ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗುವುದಿಲ್ಲ ಅಂತಾದರೆ ರೆಫರಲ್ ಚೀಟಿ ತೆಗೆದುಕೊಂಡು ಖಾಸಗಿಗೆ ಹೋಗಬೇಕು. ಈ ಚೀಟಿ ಇಲ್ಲದೆ ಸೀದಾ ದೊಡ್ಡ ಆಸ್ಪತ್ರೆಗೆ ಸೇರಿಸಿ, ಬಿಲ್ ಬಂದ ಮೇಲೆ ಕಾರ್ಡ್ ಹಿಡಿದುಕೊಂಡು ಓಡುವವರನ್ನು ವಾರಕ್ಕೊಬ್ಬರನ್ನಾದರೂ ನೋಡುತ್ತೇನೆ. ನಿಮ್ಮ ಕೆಲಸದವರು, ವಠಾರದವರು ಯಾರಾದರೂ ಆಸ್ಪತ್ರೆಗೆ ಅಂತ ಹೊರಟರೆ ಇದನ್ನು ಮೊದಲೇ ಹೇಳಿ. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಇರುತ್ತಾರೆ, ಅವರನ್ನೇ ಹುಡುಕಿ ಕೇಳಬೇಕು.

ರಕ್ತದ ವಿಷಯ ಚಿಕ್ಕದಾಗಿ ಹೇಳುತ್ತೇನೆ. 18ರಿಂದ 65 ವಯಸ್ಸು, ತೂಕ 45 ಕಿಲೋಗೆ ಕಡಿಮೆ ಇರಬಾರದು, ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ಆಗಸ್ಟ್ 15ಕ್ಕೆ ಕ್ಯಾಂಪಿನಲ್ಲಿ ಕೊಟ್ಟದ್ದು ಒಂದೂವರೆ ತಿಂಗಳಿಗಿಂತ ಜಾಸ್ತಿ ಇಡಲಿಕ್ಕಾಗುವುದಿಲ್ಲ, ಪ್ಲೇಟ್‌ಲೆಟ್ ಆದರೆ ಐದೇ ದಿನ. ಕಾಲೇಜು ಮಕ್ಕಳು ಊರಿಗೆ ಹೋದ ಏಪ್ರಿಲ್, ಮೇ ತಿಂಗಳಲ್ಲಿ ಬ್ಲಡ್ ಬ್ಯಾಂಕಿಗೆ ನೀವಾಗಿಯೇ ಹೋಗಿ.

ಕಾಗದದ ಕೆಲಸ

ಇದು ಯಾರಿಗೂ ಬೇಡದ ಸೇವೆ. ಹಾರ ಇಲ್ಲ, ಫೋಟೋ ಇಲ್ಲ, ಅರ್ಧ ದಿನ ರಜೆ ಬೇರೆ ಹಾಕಬೇಕು. ನನ್ನನ್ನು ಕೇಳಿದರೆ ಇದಕ್ಕಿಂತ ದೊಡ್ಡ ಸಹಾಯ ಇನ್ನೊಂದಿಲ್ಲ.

ನಮ್ಮ ವಠಾರದಲ್ಲಿ ಬೀಡಿ ಕಟ್ಟುವ ಒಬ್ಬರು ಅಜ್ಜಿ ಇದ್ದಾರೆ. ಸಂಧ್ಯಾ ಸುರಕ್ಷಾ ಪಿಂಚಣಿ, ತಿಂಗಳಿಗೆ 1,200 ರೂಪಾಯಿ, ಏಳು ತಿಂಗಳಿಂದ ಬಂದಿರಲಿಲ್ಲ. ಒಂದು ಕಚೇರಿಯಲ್ಲಿ "ನಮ್ಮಿಂದ ಹೋಗಿದೆ" ಅಂದರು, ಬ್ಯಾಂಕಿನಲ್ಲಿ "ನಮಗೆ ಬಂದಿಲ್ಲ" ಅಂದರು. ಮೂರು ಸಲ ಬಸ್ಸಿಗೆ ದುಡ್ಡು ಕೊಟ್ಟು ಹೋಗಿ ಬಂದರು. ಶಕ್ತಿ ಯೋಜನೆ ಸರಕಾರಿ ಬಸ್ಸಿಗೆ, ನಮ್ಮ ರೂಟಿನಲ್ಲಿ ಓಡುವುದೆಲ್ಲ ಖಾಸಗಿ ಸಿಟಿ ಬಸ್, ಇದು ಮಂಗಳೂರಿನವರಿಗೆ ಹೇಳಬೇಕಾಗಿಲ್ಲ. ನಾಲ್ಕನೇ ಸಲ ನಾನೂ ಹೋದೆ. ಬ್ಯಾಂಕಿನ ಹುಡುಗಿ ಆಧಾರ್ ನಂಬರ್ ಹಾಕಿ ನೋಡಿ, "ಅಜ್ಜಿ, ನಿಮ್ಮ ಆಧಾರ್ ಬೇರೆ ಬ್ಯಾಂಕಿಗೆ ಲಿಂಕ್ ಆಗಿದೆ" ಅಂದಳು. ಅಜ್ಜಿಗೆ ನೆನಪೇ ಇಲ್ಲ. ಮನೆಗೆ ಬಂದು ತಗಡಿನ ಪೆಟ್ಟಿಗೆ ತೆಗೆದರೆ, ಬೀಡಿ ಎಲೆ ಲೆಕ್ಕದ ಪುಸ್ತಕ, ತೀರಿಹೋದ ಗಂಡನ ರೇಷನ್ ಕಾರ್ಡ್, ಮೂರು ಎಲ್‌ಐಸಿ ರಶೀದಿ, ಅದರಡಿಯಲ್ಲಿ ಹೊಚ್ಚ ಹೊಸ ಪಾಸ್‌ಬುಕ್ ಒಂದು. ಯಾವುದೋ ಕ್ಯಾಂಪಿನಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡು ಖಾತೆ ತೆರೆದುಕೊಟ್ಟಿದ್ದರು. ದುಡ್ಡು ಅಷ್ಟೂ ಅಲ್ಲೇ ಕೂತಿತ್ತು.

ಯಾಕೆಂದರೆ ಪಿಂಚಣಿ ಬರುವುದು ನೀವು ಅರ್ಜಿಯಲ್ಲಿ ಬರೆದ ಖಾತೆಗೆ ಅಲ್ಲ, ಆಧಾರ್ ಕೊನೆಗೆ ಯಾವ ಖಾತೆಗೆ ಜೋಡಣೆಯಾಗಿದೆಯೋ ಅದಕ್ಕೆ. ಪಿಂಚಣಿ ನಿಂತಿದೆ ಅಂತ ಯಾರಾದರೂ ಅಂದರೆ ಮೊದಲು ನೋಡಬೇಕಾದದ್ದು ಇದನ್ನೇ. ಎರಡನೆಯದು ಹೆಸರು. ನಮ್ಮ ಕಡೆ ಹಳೆಯ ಕಾಗದದಲ್ಲಿ ಪೂಜಾರ್ತಿ, ಶೆಡ್ತಿ ಅಂತ ಇರುತ್ತದೆ, ಆಧಾರ್‌ನಲ್ಲಿ ಪೂಜಾರಿ, ಶೆಟ್ಟಿ ಆಗಿರುತ್ತದೆ. ಡಿಸೋಜ ಅನ್ನುವುದನ್ನು ಇಂಗ್ಲಿಷಿನಲ್ಲಿ ನಾಲ್ಕು ರೀತಿ ಬರೆದದ್ದನ್ನು ನಾನೇ ನಕಲು ಮಾಡಿದ್ದೇನೆ. ಅರ್ಜಿ ಹಾಕುವ ಮೊದಲು ಎಲ್ಲ ಕಾಗದ ಒಂದು ಬೆಂಚಿನ ಮೇಲೆ ಹರಡಿ ಹೆಸರು, ಹುಟ್ಟಿದ ವರ್ಷ ಒಂದೇ ಇದೆಯಾ ಅಂತ ನೋಡಿ. ಇಲ್ಲದಿದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಮೂರನೆಯದು ಹೆಬ್ಬೆಟ್ಟು. ಬೀಡಿ ಕಟ್ಟಿ, ಗೋಡಂಬಿ ಸುಲಿದು ಬೆರಳಿನ ಗೆರೆ ಸವೆದಿರುತ್ತದೆ, ಮಷಿನ್ ತೆಗೆದುಕೊಳ್ಳುವುದಿಲ್ಲ. ಕೈ ತೊಳೆದು, ಒರೆಸಿ, ಬೇರೆ ಬೇರೆ ಬೆರಳು ಇಟ್ಟು ನೋಡಿ. ಅದೂ ಆಗದಿದ್ದರೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಅಪ್‌ಡೇಟ್ ಮಾಡಿಸಬೇಕು.

ಹೊಸ ಅರ್ಜಿ ಹಾಕುವುದು ನಾಡಕಚೇರಿಯಲ್ಲಿ. ಸಂಧ್ಯಾ ಸುರಕ್ಷಾಕ್ಕೆ 65 ವರ್ಷ ಆಗಿರಬೇಕು. ವಿಧವೆಯರಿಗೆ, ಅಂಗವಿಕಲರಿಗೆ ಬೇರೆ ಬೇರೆ ಪಿಂಚಣಿ ಇದೆ. ಅಂಗವಿಕಲರಾದರೆ ಯುಡಿಐಡಿ ಅನ್ನುವ ಗುರುತಿನ ಕಾರ್ಡ್ ಮೊದಲು ಮಾಡಿಸಿ, ಅಂಗವೈಕಲ್ಯ ಕಡಿಮೆಯೆಂದರೆ 40 ಶೇಕಡಾ ಅಂತ ವೈದ್ಯರು ಬರೆದುಕೊಡಬೇಕು. ಹಳ್ಳಿಯವರಾದರೆ ಗ್ರಾಮ ಪಂಚಾಯತಿನಲ್ಲಿ ವಿಆರ್‌ಡಬ್ಲ್ಯು ಅಂತ ಒಬ್ಬರು ಕಾರ್ಯಕರ್ತರು ಇರುತ್ತಾರೆ, ಅಂಗವಿಕಲರ ಕೆಲಸಕ್ಕೆಂದೇ ಇರುವವರು, ಹೆಚ್ಚಾಗಿ ಅವರೂ ಅಂಗವಿಕಲರೇ. ಅವರ ನಂಬರ್ ತೆಗೆದುಕೊಳ್ಳಿ. ಸ್ವೀಕೃತಿ ಚೀಟಿಯನ್ನು ಮಾತ್ರ ಕಳೆದುಹಾಕಬೇಡಿ.

ಮಕ್ಕಳಿದ್ದೂ ಒಂಟಿಯಾದ ಹಿರಿಯರು

ದುಬೈ, ಮುಂಬೈ, ಬೆಂಗಳೂರು ಅಂತ ಮಕ್ಕಳು ಹೋಗಿ, ದೊಡ್ಡ ಮನೆಯಲ್ಲಿ ಒಬ್ಬರೇ ಇರುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ಇವರಿಗೆ ದುಡ್ಡು ಬೇಡ. ವಾರಕ್ಕೊಮ್ಮೆ ಗೇಟಿನ ಹತ್ತಿರ ನಿಂತು "ಅಜ್ಜ, ಮಾತ್ರೆ ಉಂಟಾ?" ಅಂತ ಕೇಳುವವರು ಬೇಕು. ಗ್ಯಾಸ್ ಬುಕ್ ಮಾಡಿ ಕೊಡುವವರು ಬೇಕು.

ನೋಡಿಕೊಳ್ಳದ ಮಕ್ಕಳ ಕಥೆ ಬೇರೆ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಎಸಿ, ಅಂದರೆ ಸಹಾಯಕ ಆಯುಕ್ತರ ಕಚೇರಿಗೆ ಅರ್ಜಿ ಕೊಡಬಹುದು. ದಕ್ಷಿಣ ಕನ್ನಡದವರಿಗೆ ಮಂಗಳೂರು ಅಥವಾ ಪುತ್ತೂರು, ಉಡುಪಿ ಜಿಲ್ಲೆಯವರಿಗೆ ಕುಂದಾಪುರ. ವಕೀಲರನ್ನು ಇಡಲೇಬೇಕು ಅಂತಿಲ್ಲ. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ನೋಡಿಕೊಳ್ಳುತ್ತೇನೆ ಅನ್ನುವ ಷರತ್ತಿನ ಮೇಲೆ ಆಸ್ತಿ ದಾನಪತ್ರ ಮಾಡಿಸಿಕೊಂಡು ಆಮೇಲೆ ಕೈಬಿಟ್ಟರೆ ಆ ಪತ್ರವನ್ನೇ ರದ್ದು ಮಾಡಿಸಬಹುದು. ಆ ಷರತ್ತನ್ನು ಪತ್ರದಲ್ಲಿ ಬರೆಸದೆ ಸಹಿ ಹಾಕಬೇಡಿ ಅಂತ ನಿಮ್ಮ ಮನೆಯ ಹಿರಿಯರಿಗೆ ಈಗಲೇ ಹೇಳಿ. ಹೆಚ್ಚಿನವರು ಅರ್ಜಿ ಕೊಡಲು ಒಪ್ಪುವುದಿಲ್ಲ, "ಮಗ ಅಲ್ವಾ" ಅನ್ನುತ್ತಾರೆ. ಒತ್ತಾಯ ಮಾಡಬೇಡಿ. ದಾರಿ ಇದೆ ಅಂತ ಗೊತ್ತಿದ್ದರೆ ಸಾಕು. ಹೆಂಗಸರಾದರೆ, ಪರಿಶಿಷ್ಟ ಜಾತಿ ಪಂಗಡದವರಾದರೆ, ಅಂಗವಿಕಲರಾದರೆ, ಆದಾಯ ಎಷ್ಟೇ ಇರಲಿ, ಕೋರ್ಟಿನಲ್ಲಿರುವ ಕಾನೂನು ಸೇವಾ ಪ್ರಾಧಿಕಾರದವರು ಉಚಿತವಾಗಿ ವಕೀಲರನ್ನು ಕೊಡುತ್ತಾರೆ.

ಮಕ್ಕಳ ವಿಷಯದಲ್ಲಿ ಎರಡು ಎಚ್ಚರಿಕೆ

ಬಾಲಾಶ್ರಮಕ್ಕೆ ಹೋಗಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೇಕ್ ಹಿಡಿದು ಫೋಟೋ ತೆಗೆದು ಫೇಸ್‌ಬುಕ್ಕಿಗೆ ಹಾಕುವುದು ಕಾನೂನು ಪ್ರಕಾರವೇ ತಪ್ಪು. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಇಂಥ ಮಕ್ಕಳ ಗುರುತು ಬಯಲು ಮಾಡಿದರೆ ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ನಾಳೆ ಆ ಮಗು ಕಾಲೇಜಿಗೆ ಹೋದಾಗ ಯಾರೋ ಆ ಫೋಟೋ ತೋರಿಸಿದರೆ ಅದಕ್ಕೆ ಹೇಗಿರುತ್ತದೆ?

ಎರಡನೆಯದು, ನಿಮ್ಮ ಪಕ್ಕದ ಸೈಟಿನಲ್ಲಿ ಕಟ್ಟಡ ಕೆಲಸಕ್ಕೆ ಬಾಗಲಕೋಟೆ, ಕೊಪ್ಪಳ, ರಾಯಚೂರಿನಿಂದ ಬಂದವರ ಮಕ್ಕಳು ಮರಳ ರಾಶಿಯಲ್ಲಿ ಆಡುತ್ತಿದ್ದರೆ, ಚಾಕಲೇಟ್ ಕೊಟ್ಟು ಬರಬೇಡಿ, ಶಾಲೆಗೆ ಸೇರಿಸಿ. ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ಟಿಸಿ ಇಲ್ಲ, ಹುಟ್ಟಿದ ದಾಖಲೆ ಇಲ್ಲ, ಜೂನ್ ಕಳೆಯಿತು ಅಂತ ವಾಪಸ್ ಕಳಿಸುವ ಹಾಗಿಲ್ಲ. ಹೆಡ್ ಮೇಷ್ಟ್ರ ಹತ್ತಿರ ಅಪ್ಪ ಅಮ್ಮನ ಜೊತೆ ನೀವೂ ಹೋಗಿ ಕೂತುಕೊಳ್ಳಿ. ಮಕ್ಕಳಿಲ್ಲದೆ ಬಾಗಿಲು ಮುಚ್ಚುವ ಭಯದಲ್ಲಿರುವ ಸರಕಾರಿ ಶಾಲೆಗಳಿಗೆ ಇದರಿಂದ ಖುಷಿಯೇ. ಚಿಕ್ಕವರಾದರೆ ಅಂಗನವಾಡಿ ಟೀಚರ್.

ದುಡ್ಡು ಕೊಡುವುದಾದರೆ

ಬಸ್ಸಿನಲ್ಲಿ ಲ್ಯಾಮಿನೇಟ್ ಮಾಡಿದ ಕಾರ್ಡ್ ಹಂಚುವವರಿಗೆ, ವಾಟ್ಸಾಪಿನಲ್ಲಿ ಬಂದ ಕ್ಯೂಆರ್ ಕೋಡಿಗೆ ಕಣ್ಣು ಮುಚ್ಚಿ ಹಾಕಬೇಡಿ. ಮಗುವಿನ ಆಪರೇಶನ್ ಅಂತ ತಿರುಗುವ ಮೆಸೇಜು ಹಲವು ಸಲ ಹಳೆಯದಾಗಿರುತ್ತದೆ. ಆಸ್ಪತ್ರೆಗೆ ಫೋನ್ ಮಾಡಿ, ಆ ಹೆಸರಿನ ರೋಗಿ ಇದ್ದಾರಾ, ಅವರ ಬಿಲ್ಲಿಗೇ ಸೀದಾ ಕಟ್ಟಬಹುದಾ ಅಂತ ಕೇಳಿ. ಸಂಸ್ಥೆಗೆ ಕೊಡುವುದಾದರೆ ನೋಂದಣಿ ಪತ್ರ ತೋರಿಸಿ ಅನ್ನಲು ನಾಚಿಕೆ ಬೇಡ, ಸರಿಯಾಗಿ ನಡೆಸುವವರು ಅದನ್ನು ಗೋಡೆಗೇ ಫ್ರೇಮ್ ಹಾಕಿಟ್ಟಿರುತ್ತಾರೆ. ವರ್ಷಕ್ಕೊಮ್ಮೆ ಹತ್ತು ಸಾವಿರ ಕೊಡುವುದಕ್ಕಿಂತ ತಿಂಗಳಿಗೆ ಎಂಟುನೂರು ಕೊಟ್ಟರೆ ಅವರಿಗೆ ಹಾಲಿನವನ ಲೆಕ್ಕ ತೀರಿಸಲು ಸುಲಭ. ತೆರಿಗೆಯಲ್ಲಿ ದಾನಕ್ಕೆ ಸಿಗುವ ರಿಯಾಯಿತಿ (80ಜಿ ಅನ್ನುತ್ತಾರೆ) ಬೇಕಾದರೆ 2,000 ರೂಪಾಯಿಗಿಂತ ಜಾಸ್ತಿ ನಗದು ಕೊಡಬೇಡಿ, ಚೆಕ್ ಅಥವಾ ಆನ್‌ಲೈನ್ ಮಾಡಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡಿದ್ದರೆ ಈ ರಿಯಾಯಿತಿಯೇ ಇಲ್ಲ. ರಶೀದಿ ಕೇಳಿ ತೆಗೆದುಕೊಳ್ಳಿ. ಮಷಿನ್ನಿನಿಂದ ಬರುವ ತೆಳು ಕಾಗದದ ರಶೀದಿಯಾದರೆ ಅವತ್ತೇ ಒಂದು ಝೆರಾಕ್ಸ್ ಮಾಡಿಸಿಡಿ, ಮಾರ್ಚ್ ಬರುವಷ್ಟರಲ್ಲಿ ಅದರ ಅಕ್ಷರ ಮಾಸಿ ಹೋಗಿರುತ್ತದೆ.